ಕೆಂಪು ಬಕೆಟ್ಟಿನ ಕೇಸ್‌ಗಳು

2014ರಲ್ಲಿ ನಾನು ಪ್ಲೇನೋದ ಮಷೀನ್ ಶಾಪ್ ಒಂದರ ಕ್ವಾಲಿಟಿ ಇನ್‌ಸ್ಪೆಕ್ಟರ್ ಹುದ್ದೆಯಿಂದ ನಿವೃತ್ತಳಾಗಿ, ಮೆಕಿನ್ನಿಯಲ್ಲಿದ್ದ ಪ್ರಕಾಶನ ವರ್ಕ್‌ಶಾಪಿಗೆ ವಾರಕ್ಕೆ ಮೂರು ದಿನ ಹೋಗುತ್ತಿದ್ದೆ. ಪ್ರಕಾಶ ಹುಬ್ಬಳ್ಳಿಯವನು. ಅವನಿಗೆ ಕೂದಲೆಳೆಯಷ್ಟನ್ನೂ ಅಳೆಯುವ ಮೈಕ್ರೋಮೀಟರ್ ಹಿಡಿಯಲು ಕಲಿಸಿದವಳು ನಾನು. ಭಾನುವಾರ ಅವನ ಊಟ ನಮ್ಮ ಮನೆಯಲ್ಲೇ.

ರೈಫಲ್ ಸ್ಪರ್ಧಿಗಳಲ್ಲಿ ಅನೇಕರು ತಮ್ಮ ತೋಟಾಗಳನ್ನು ತಾವೇ ತಯಾರಿಸಿಕೊಳ್ಳುತ್ತಾರೆ. ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಕೊಳವೆಗೆ ಕೇಸ್ ಎನ್ನುತ್ತಾರೆ. ಅದನ್ನು ಮತ್ತೆ ಬಳಸಬಹುದು. ತೊಳೆದು, ಕುತ್ತಿಗೆಯನ್ನು ಕಾಯಿಸಿ ಮೆದು ಮಾಡಿ, ಅಳತೆಗೆ ಒತ್ತಿ, .308 ಅಳತೆಯ ರೈಫಲ್ಲಿನದಾದರೆ 2.005 ಇಂಚು ಉದ್ದಕ್ಕೆ ಕತ್ತರಿಸಬೇಕು. ಪ್ರಕಾಶ ಹೀಗೆ ಸಿದ್ಧಪಡಿಸಿದ ಕೇಸ್‌ಗಳನ್ನು ಸ್ಪರ್ಧಿಗಳಿಗೆ ಮಾರುತ್ತಿದ್ದ; ಕೊನೆಯ ತಪಾಸಣೆ ನನ್ನದು. ಹಾರಿಸಿದಷ್ಟೂ ಕೇಸ್ ಹಿಗ್ಗಿ, ಬುಡದ ಹತ್ತಿರ ಒಳಗೋಡೆ ತೆಳುವಾಗುತ್ತದೆ. ತುದಿ ಬಗ್ಗಿಸಿದ ತಂತಿಯನ್ನು ಇಳಿಸಿ ಮೇಲಕ್ಕೆಳೆದರೆ ಸವೆದ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ಅಂಥದ್ದಕ್ಕೆ ಮಾರ್ಕರ್ ಗೆರೆ ಎಳೆದು ಕೆಂಪು ಬಕೆಟ್ಟಿಗೆ ಹಾಕುತ್ತಿದ್ದೆ. ಪಾಸಾದವು ನನ್ನ ಹೆಸರಿನ ಚೀಟಿಯ ಪೆಟ್ಟಿಗೆಗೆ.

"ಬಕೆಟ್ ನೀವು ಎತ್ತಬ್ಯಾಡ್ರಿ ಆಂಟಿ, ಸ್ಕ್ರ್ಯಾಪಿಗೆ ನಾ ಒಯ್ತೀನಿ" ಎನ್ನುತ್ತಿದ್ದ ಪ್ರಕಾಶ.

ಒಂದು ಶುಕ್ರವಾರ ಸೈಪ್ರೆಸ್ ಎಂಬ ಊರಿನಿಂದ ನಿವೃತ್ತ ಕಣ್ಣಿನ ಡಾಕ್ಟರೊಬ್ಬರು ಬಂದರು. ಕೆನ್ನೆಯ ಮೇಲೆ ಸುಟ್ಟ ಚುಕ್ಕೆಗಳು. ನಮ್ಮಲ್ಲಿ ಕೊಂಡಿದ್ದ ಕೇಸ್ ರೈಫಲ್ಲಿನೊಳಗೇ ಎರಡು ತುಂಡಾಗಿ ಬಿಸಿ ಗಾಳಿ ಮುಖಕ್ಕೆ ನುಗ್ಗಿತ್ತು.

"ಕನ್ನಡಕ ಕಾಪಾಡ್ತು ಕಣಮ್ಮ. ಇಲ್ಲಾಂದ್ರೆ ನನ್ನ ಕಣ್ಣಿಗೆ ನಾನೇ ಆಪರೇಷನ್ ಮಾಡ್ಕೋಬೇಕಿತ್ತು" ಎಂದು ನಗುತ್ತಲೇ ಮುರಿದ ತುಂಡನ್ನೂ ಪೆಟ್ಟಿಗೆಯನ್ನೂ ಮುಂದಿಟ್ಟರು. ಚೀಟಿಯಲ್ಲಿ ನನ್ನ ಹೆಸರು.

ಅದರಲ್ಲಿ ಮಿಕ್ಕಿದ್ದ ಖಾಲಿ ಕೇಸ್‌ಗಳಿಗೆ ತಂತಿ ಇಳಿಸಿದೆ. ಮೊದಲನೆಯದರಲ್ಲೇ ಸಿಕ್ಕಿಕೊಂಡಿತು. ಎರಡನೆಯದರಲ್ಲೂ. ಇಂಥದ್ದು ನನ್ನ ಕೈ ದಾಟಿ ಹೋಗುವ ಮಾತೇ ಇರಲಿಲ್ಲ. ಪ್ರಕಾಶನ ಕಡೆ ನೋಡಿದೆ. ಅವನು ಕೇಸ್‌ಗಳಿಗೆ ಪಾಲಿಶ್ ಕೊಡುವ ಟಂಬ್ಲರ್ ಯಂತ್ರದ ಕಡೆ ನೋಡುತ್ತಿದ್ದ. ಅದರಲ್ಲಿ ತಿರುಗಿಸಿದರೆ ಮಾರ್ಕರ್ ಗೆರೆ ಉಳಿಯುವುದಿಲ್ಲ.

"ನೀವು ಭಾಳ ಸ್ಟ್ರಿಕ್ಟ್ ಅದೀರಿ ಆಂಟಿ. ಇಷ್ಟು ಬಿಸಾಕಿದ್ರ ಅಂಗಡಿ ನಡೀತದೇನ್ರಿ?"

"ನನ್ನ ಚೀಟಿ ಯಾಕೆ ಅಂಟಿಸಿದೆ?"

"ನಿಮ್ಮ ಹೆಸರಿದ್ರನ ಮಂದಿ ತಗೋತಾರ್ರೀ."

ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಬಕೆಟ್ಟಿನಿಂದ ತುಂಬಿದ ಇನ್ನೊಂದು ಪೆಟ್ಟಿಗೆ ಆಸ್ಟಿನ್‌ನ ಕಿರಣ್ ಎಂಬ ಸ್ಪರ್ಧಿಯ ಕೈಸೇರಿದೆ, ಮರುದಿನವೇ ಅವನ ಮ್ಯಾಚ್ ಎಂಬುದನ್ನೂ ಪ್ರಕಾಶನ ಬಾಯಿ ಬಿಡಿಸಿ ತಿಳಿದುಕೊಂಡೆ. ಕೂಡಲೇ ಕಿರಣ್‌ಗೆ ಫೋನ್ ಮಾಡಿ, ಅದನ್ನು ಹಾರಿಸಬೇಡ ಎಂದೆ. ಕಿರಣ್ ನಕ್ಕ.

"ಅಯ್ಯೋ ಆಂಟಿ, ಮದ್ದು, ಗುಂಡು ತುಂಬಿ ಲೋಡ್ ಮಾಡಿ ಆಯ್ತು. ನಿಮ್ಮ ಹೆಸರೇ ಇದೆಯಲ್ಲ ಪೆಟ್ಟಿಗೆ ಮೇಲೆ, ಇನ್ನೇನು ಭಯ?"

ನನ್ನ ಮಾತಿಗಿಂತ ನನ್ನ ಚೀಟಿಯನ್ನೇ ಅವನು ನಂಬಿದ್ದ. ಡಾಕ್ಟರು ತಂದಿದ್ದ ಮುರಿದ ಕೇಸ್, ತಂತಿ ತೆಗೆದುಕೊಂಡು ಆಗಲೇ ಆಸ್ಟಿನ್‌ಗೆ ಡ್ರೈವ್ ಮಾಡಿದೆ. ತುಂಡನ್ನು ಕಿರಣನ ಅಂಗೈಯಲ್ಲಿಟ್ಟೆ. ಅವನ ನಗು ಹೋಯಿತು. ಗುಂಡುಗಳನ್ನು ಕಿತ್ತು, ಮದ್ದಿನ ಪುಡಿ ಸುರಿದು, ಕೇಸ್‌ಗಳನ್ನು ಖಾಲಿ ಮಾಡಿಕೊಟ್ಟ. ಒಂದೊಂದಕ್ಕೂ ತಂತಿ ಇಳಿಸಿದೆ. ಸಿಕ್ಕಿಕೊಂಡದ್ದನ್ನೆಲ್ಲ ಅವನೆದುರೇ ಇಕ್ಕಳದಲ್ಲಿ ಅಪ್ಪಚ್ಚಿ ಮಾಡಿ, ಪೆಟ್ಟಿಗೆಯ ಚೀಟಿ ಕಿತ್ತುಕೊಂಡು ಬಂದೆ.

ಭಾನುವಾರ ಪ್ರಕಾಶನ ಫೋನ್ ಬಂತು. "ಸಿಟ್ಟು ಇಳೀತೇನ್ರಿ ಆಂಟಿ? ಊಟಕ್ಕ ಬರ್ಲ್ಯಾ?" ಫೋನ್ ಇಟ್ಟುಬಿಟ್ಟೆ.

ಇನ್‌ಸ್ಪೆಕ್ಟರ್ ಆದವರು ಬೇಡ ಎಂದು ಬದಿಗಿಟ್ಟರೆ ಕೆಲಸ ಮುಗಿಯುವುದಿಲ್ಲ. ಅದು ಇನ್ನಾರಿಗೂ ಬೇಕೆನಿಸದಂತೆ ಮಾಡಿಯೇ ಏಳಬೇಕು. ಆ ವರ್ಕ್‌ಶಾಪಿಗೆ ಮತ್ತೆ ಒಂದೇ ಸಲ ಹೋದೆ, ಬಕೆಟ್ಟಿನಲ್ಲಿ ಉಳಿದಿದ್ದನ್ನು ಅಪ್ಪಚ್ಚಿ ಮಾಡಲು. ಇಕ್ಕಳ ಮನೆಯಿಂದಲೇ ಒಯ್ದಿದ್ದೆ.