ಮೇಲಿನ ಕಲ್ಲು ನನಗೆ, ಕೆಳಗಿನ ಕಲ್ಲು ಅಕ್ಕನಿಗೆ

ಜಲನಗರದ ಮನೆಯಲ್ಲಿ ನನ್ನ ಮೊಮ್ಮಗಳು ಕಾಲೇಜಿನ ಹುಡುಗಿಯರಿಗೆ ವಿಜ್ಞಾನ ಹೇಳಿಕೊಡುತ್ತಾಳೆ. ನಾನು ಬದಿಯಲ್ಲೇ ಮೊರ ಹಿಡಿದು ಜೋಳ ಹಸನು ಮಾಡುತ್ತಿರುತ್ತೇನೆ. ಸುಮ್ಮನೆ ಕೂಡುವುದು ನನ್ನ ಕೈಕಾಲಿಗೆ ಒಗ್ಗಿಲ್ಲ. ಓದು ಬಂದದ್ದೂ ಅಷ್ಟಕ್ಕಷ್ಟೇ. ಇದನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಬರೆಯುತ್ತಿದ್ದೇನೆ.

ಲೋಕವನ್ನೆಲ್ಲ ಹಿಡಿದಿಟ್ಟಿರುವುದು ನಾಲ್ಕೇ ಬಲಗಳು ಎಂದು ಅವಳು ಒಂದು ದಿನ ಹೇಳಿದಳು. ಅದರಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಕಣ್ಣಿಗೆ ಕಾಣದ ಕಣದ ಹೊಟ್ಟೆಯೊಳಗೆ ಇದೆಯಂತೆ.

"ಹತ್ತಿರ ಇದ್ದಾಗ ಸಡಿಲ ಇರ್ತೈತಿ. ದೂರ ಎಳದಂಗ ಬಿಗಿ ಆಗ್ತೈತಿ. ಭಾಳ ಎಳದ್ರ ಹರೀತೈತಿ, ಆದ್ರ ಒಂಟಿ ಕಣ ಕೈಗೆ ಸಿಗಂಗಿಲ್ಲ. ಹರದ ಎರಡೂ ತುದಿಗೆ ಹೊಸಾ ಜೋಡಿ ಹುಟ್ಟಿಬಿಡ್ತಾವ."

ನಾನು ಮೊರ ಕೆಳಗಿಟ್ಟೆ. "ಅದು ನಮ್ಮ ಬೀಸುಕಲ್ಲಿನ ಸುದ್ದಿ," ಅಂದೆ. ಹುಡುಗಿಯರು ನಕ್ಕರು. ನಗಲಿ. ನಾನು ಕಂಡದ್ದನ್ನು ಹೇಳುತ್ತೇನೆ.

ದೊಡ್ಡ ಯುದ್ಧ ನಡೆದಿದ್ದ ಕಾಲ. ನನ್ನನ್ನು ಟಿಕೋಟಾದಿಂದ ಬಬಲೇಶ್ವರಕ್ಕೆ ಕೊಟ್ಟಿದ್ದರು. ಮನೆಯಲ್ಲಿ ಮಾವ, ಭಾವ, ಅವನ ಹೆಂಡತಿ, ಮಕ್ಕಳು, ನಾವಿಬ್ಬರು. ಭಾವನ ಹೆಂಡತಿ ನನಗೆ ನೆಗೆಣ್ಣಿ, ಅಕ್ಕ ಎನ್ನುತ್ತಿದ್ದೆ. ದಿನಾ ನಸುಕಿಗೆ ಇಬ್ಬರೂ ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಎದುರುಬದುರು ಕೂತು, ಒಂದೇ ಗೂಟ ಹಿಡಿದು ಬೀಸುತ್ತಿದ್ದೆವು. ಓಣಿಯ ಹೆಂಗಸರು ಬೀಸುವಾಗ ಹಾಡುತ್ತಿದ್ದರು. ನಾವು ಜಗಳಾಡುತ್ತಿದ್ದೆವು. ಅವಳಿಗೆ ಸಿಟ್ಟು ಬಂದರೆ ಗೂಟದ ಮೇಲೆ ಕೈ ಇಡುತ್ತಿದ್ದಳು, ತಳ್ಳುತ್ತಿರಲಿಲ್ಲ. ಕಲ್ಲು ಭಾರವಾಯಿತೆಂದರೆ ಅವಳು ಬಾಯಿ ತೆರೆಯುವ ಮೊದಲೇ ಅವಳ ಸಿಟ್ಟು ನನಗೆ ಗೊತ್ತಾಗುತ್ತಿತ್ತು.

ಒಂದೇ ಥರದವು ಒಂದನ್ನೊಂದು ದೂರ ತಳ್ಳುತ್ತವೆ ಎಂದು ಮೊಮ್ಮಗಳು ಕರೆಂಟಿನ ಬಲದ ಬಗ್ಗೆ ಹೇಳುತ್ತಾಳೆ. ಅದಕ್ಕೆ ಪುಸ್ತಕ ಬೇಕಿಲ್ಲ. ಅಕ್ಕನೂ ನಾನೂ ಒಂದೇ ಥರದವರಿದ್ದೆವು.

ನನಗೆ ಬೇಕಾದದ್ದು ಒಂದೇ, ನನ್ನದೇ ಒಲೆ. ಅದಿಲ್ಲದೆ ನನ್ನ ಕಾಲು ನಿಲ್ಲುತ್ತಿರಲಿಲ್ಲ. ಏನಾದರೂ ನೆವ ತೆಗೆದು ಯಾರದೋ ಚಕ್ಕಡಿ ಹತ್ತಿ ಟಿಕೋಟಾಕ್ಕೆ ಹೋಗುತ್ತಿದ್ದೆ. ಅಲ್ಲಿ ಎರಡು ದಿನ ಆಗುವುದರೊಳಗೆ ಬಬಲೇಶ್ವರದಲ್ಲಿ ಅಕ್ಕ ಒಬ್ಬಳೇ ಏನೇನು ತನ್ನದು ಮಾಡಿಕೊಂಡಳೋ ಎಂದು ಹೊರಳಿ ಬರುತ್ತಿದ್ದೆ. ಭೂಮಿ ಎಳೆಯುವ ಬಲ ನಾಲ್ಕರಲ್ಲಿ ಎಲ್ಲಕ್ಕಿಂತ ಸಣ್ಣದಂತೆ, ಆದರೆ ಎಷ್ಟು ದೂರ ಹೋದರೂ ಬಿಡುವುದಿಲ್ಲವಂತೆ. ಅದು ತವರು ಇರಬೇಕು. ಈ ಅಕ್ಕನ ಎಳೆತ ಬೇರೆ. ದೂರ ಹೋದಷ್ಟೂ ಬಿಗಿಯುತ್ತಿತ್ತು.

ಮೂರು ವರ್ಷ ಗಂಡನ ತಲೆ ತಿಂದೆ. ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಒಂದು ಮುಂಜಾನೆ ನಾನೇನೂ ಅನ್ನದೆಯೇ, "ಬ್ಯಾರಿ ಆಗೋಣು," ಅಂದರು. ಒಂದು ಕಣವನ್ನು ಇನ್ನೊಂದಾಗಿ ಮಾರ್ಪಡಿಸುವ ಬಲವೂ ಇದೆಯಂತೆ, ಯಾವುದು ಯಾವಾಗ ಬದಲಾಗುವುದೋ ಹೇಳಲಾಗದಂತೆ. ಗಂಡಸರೂ ಹಾಗೆಯೇ.

ಪಾಲು ಮಾಡಲು ಕಾಖಂಡಕಿಯಿಂದ ಇಬ್ಬರು ಹಿರಿಯರು ಬಂದರು. ಹೊಲ, ಎತ್ತು, ಹಂಡೆ, ಕೊಡ ಎಲ್ಲ ಮುಗಿದ ಮೇಲೆ ಮಾವನ ಕಣ್ಣು ಬೀಸುಕಲ್ಲಿನ ಮೇಲೆ ಬಿತ್ತು.

"ಕಲ್ಲು ಎರಡು, ಮಕ್ಕಳು ಇಬ್ಬರು," ಅಂದರು. "ಕೆಳಗಿಂದು ದೊಡ್ಡಾಂವಗ, ಮ್ಯಾಲಿಂದು ಸಣ್ಣಾಂವಗ. ಯಾರಿಗೂ ಹೆಚ್ಚಿಲ್ಲ, ಕಡಿಮಿಲ್ಲ."

"ಬರೋಬ್ಬರಿ ಐತಿ," ಅಂದರು ಕಾಖಂಡಕಿಯವರು. ಒಬ್ಬರೂ ಹುಟ್ಟಿದಾಗಿನಿಂದ ಗೂಟ ಮುಟ್ಟಿದವರಲ್ಲ.

ನಾನೂ ಅಕ್ಕನೂ ಬಾಗಿಲ ಹಿಂದೆ ನಿಂತಿದ್ದೆವು. ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಹಿರಿಯರ ಎದುರು ಹೆಂಗಸರು ಬಾಯಿ ತೆರೆಯುವ ಪದ್ಧತಿ ಇರಲಿಲ್ಲ, ಅದು ಖರೆ. ಆದರೆ ತೆರೆದರೆ, ಹಿರಿಯ ಸೊಸೆಯೆಂದು ಇಡೀ ಕಲ್ಲು ಅವಳ ಪಾಲಿಗೇ ಹೋಗುತ್ತಿತ್ತು. ನಾನು ಬೇಕಂತಲೇ ಸುಮ್ಮನಿದ್ದೆ. ಅವಳೂ ಸುಮ್ಮನಿದ್ದಳು.

ನಡುವೆ ಗೋಡೆ ಎದ್ದಿತು. ಹಳೆಯ ಹಿಟ್ಟು ಮೂರು ದಿನ ಬಂತು. ನಾಲ್ಕನೆಯ ದಿನ ಗೋಡೆಯಾಚೆಯಿಂದ ಅಕ್ಕ ಕೇಳಿದಳು, "ಏನ್ ಬೇ, ನಿನ್ನ ಕಲ್ಲು ಬೀಸಾಕತ್ತೈತೇನು?"

"ನಿಂದು ಏನ್ ಮಾಡಾಕತ್ತೈತಿ, ಅಕ್ಕಾ?"

"ಕುಂತೈತಿ."

"ನಂದೂ ಕುಂತೈತಿ."

"ತಗೊಂಡ ಬಾ ಮತ್ತ ಈ ಕಡೆ."

"ನೀನ ತಗೊಂಡ ಬಾ."

ಯಾರೂ ತರಲಿಲ್ಲ. ನಾನು ಒಯ್ದರೆ ನನ್ನ ಒಲೆ ಅವಳ ಒಲೆಯ ಬಾಲವಾಗುತ್ತಿತ್ತು. ನನ್ನ ಗಂಡ ವಿಜಾಪುರದಿಂದ ಹೊಸದೊಂದು ಕೆಳಗಿನ ಕಲ್ಲು ತಂದರು. ಅದೇ ವಾರ ಭಾವ ಹೊಸದೊಂದು ಮೇಲಿನ ಕಲ್ಲು ತಂದ. ಹರಿದ ಎರಡೂ ತುದಿಗೆ ಹೊಸ ಜೋಡಿ ಎಂದು ಮೊಮ್ಮಗಳು ಹೇಳಿದ್ದು ಇದೇ ಅಲ್ಲವೇ?

ಆದರೆ ಅವಳ ಪುಸ್ತಕದಲ್ಲಿ ಮುಂದಿನದು ಇಲ್ಲ. ಹಳೆಯ ಎರಡು ಕಲ್ಲು ಇಪ್ಪತ್ತು ವರ್ಷ ಒಂದನ್ನೊಂದು ತಿಕ್ಕಿ ಸವೆದು ಹೊಂದಿಕೊಂಡಿದ್ದವು. ಹೊಸದು ಹಳೆಯದನ್ನು ಕೆರೆದು ಪುಡಿ ಮಾಡಿತು. ರೊಟ್ಟಿಯಲ್ಲಿ ಬರೀ ಮರಳು. ಮಾವ ಒಂದು ತಿಂಗಳು ಅಲ್ಲಿ, ಒಂದು ತಿಂಗಳು ಇಲ್ಲಿ ಉಣ್ಣುತ್ತಿದ್ದರು. ಎರಡೂ ಕಡೆ ಕರಕರ ಎಂದು ಅಗಿದು, "ಇಬ್ಬರಿಗೂ ಬೀಸಾಕ ಬರಂಗಿಲ್ಲ," ಎಂದು ಓಣಿ ತುಂಬ ಹೇಳಿದರು.

ಅದನ್ನು ನನಗೆ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಒಳಗೆ ಹೊರಗೆ ತಿರುಗಿ ತಿರುಗಿ ಸಾಕಾಗಿ, ಮೇಲಿನ ಕಲ್ಲಿನ ಗೂಟ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಕಲ್ಲನ್ನು ಅಂಚಿನ ಮೇಲೆ ನಿಲ್ಲಿಸಿ ಉರುಳಿಸುತ್ತ ಓಣಿಗೆ ಇಳಿದೆ. ಜನ ಕಟ್ಟೆಯ ಮೇಲೆ ಕೂತು ನೋಡಿದರು. ಅಕ್ಕನ ಹೊಸ್ತಿಲಿಗೆ ಕಲ್ಲು ಬಡಿದು ನಿಂತಿತು.

"ಸೋತ್ಯೇನು?" ಅಂದಳು.

"ಇಲ್ಲ. ಹಳೇ ಜೋಡಿ ನಿನಗ. ನಿನ್ನ ಹೊಸಾ ಕಲ್ಲು ನನಗ ಕೊಡು, ಹೊಸಾವು ಎರಡೂ ನನ್ನ ಮನ್ಯಾಗ ಕೂಡಲಿ. ಒಲಿ ಮಾತ್ರ ನಂದು ನನಗ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಒಲಿ ಯಾರ ಕೇಳ್ಯಾರ ನಿಂದು? ಹಿಡಿ ಆ ಕಡೆ," ಅಂದಳು.

ಇಬ್ಬರೂ ಎತ್ತಿ ಹೊಸ ಕಲ್ಲನ್ನು ಕೆಳಗಿಳಿಸಿ, ಹಳೆಯದನ್ನು ಹಳೆಯದರ ಮೇಲೆ ಕೂಡಿಸಿದೆವು. ಗೂಟ ಬಡಿದೆ. ಸರಿ ಕೂತಿದೆಯೋ ಇಲ್ಲವೋ ನೋಡಬೇಕಲ್ಲ, ಅವಳು ಒಂದು ಹಿಡಿ ಜೋಳ ಹಾಕಿದಳು. ಎದುರುಬದುರು ಕೂತೆವು. ನಾನು ತಳ್ಳಿದೆ. ಕಲ್ಲು ಭಾರವಿತ್ತು.

"ಇನ್ನೂ ಸಿಟ್ಟು ಐತೇನು?" ಅಂದೆ.

"ಐತಿ."

ಇರಲಿ ಎಂದು ಇನ್ನೊಂದು ಕೈಯನ್ನೂ ಗೂಟಕ್ಕೆ ಹಾಕಿದೆ. ಹಿಟ್ಟು ನುಣ್ಣಗೆ ಬಿತ್ತು.