ದ್ವೀಪದ ಟ್ರೋಫಿಗೆ ಹತ್ತಿದ ಕುಂಕುಮ

ಪೀಣ್ಯದಲ್ಲಿ ನನ್ನದೊಂದು ಹಿತ್ತಾಳೆ ಕೆಲಸದ ಸಣ್ಣ ಶೆಡ್ಡಿದೆ. ಹೋದ ವರ್ಷ ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪದೇಶವೊಂದರ ಫುಟ್‌ಬಾಲ್ ಸಂಸ್ಥೆಯಿಂದ ಟ್ರೋಫಿಗೆ ಆರ್ಡರ್ ಬಂತು. ಮೊಬೈಲಿನ ಮ್ಯಾಪಿನಲ್ಲಿ ಹುಡುಕಿದೆ. ಬೆರಳು ಸ್ವಲ್ಪ ಜಾರಿದರೆ ದೇಶವೇ ಮಾಯ. ಇಷ್ಟು ಚಿಕ್ಕ ದೇಶಕ್ಕೂ ಅಧ್ಯಕ್ಷರು, ಸಮಿತಿ, ಉಪಸಮಿತಿ ಎಲ್ಲ ಇದ್ದವು. ಆಗಲೇ ನಮ್ಮ ಅಪಾರ್ಟ್‌ಮೆಂಟಿನ ಅಸೋಸಿಯೇಷನ್ ನೆನಪಾಯಿತು.

ಹೊಸ ಗಿರಾಕಿಯ ಮೊದಲ ಪೀಸಿಗೆ ಕುಂಕುಮ ಹಚ್ಚಿ ಕೈಮುಗಿದು, ಅದನ್ನು ಕಪಾಟಿನಲ್ಲೇ ಉಳಿಸಿಕೊಳ್ಳುವುದು ನಮ್ಮಲ್ಲಿನ ಪದ್ಧತಿ. ಹೊರಗೆ ಹೋಗುವುದು ಎರಡನೆಯದರಿಂದ. ಆದರೆ ಈ ಸಲ ಮಾಡಿದ್ದು ಒಂದೇ ಟ್ರೋಫಿ, ಅದನ್ನೇ ಕಳಿಸಬೇಕಿತ್ತು. ಪ್ಯಾಕಿಂಗ್ ನೋಡಿಕೊಳ್ಳುವ ಕೊಪ್ಪಳದ ಕಡೆಯ ಅಕ್ಕ ಎಂದಿನಂತೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಬಳಿದರು. ನಾನೂ ಕೈಮುಗಿದೆ, ಎಲ್ಲರಿಗಿಂತ ಹೆಚ್ಚು ಹೊತ್ತು. ಆಮೇಲೆ ಮೇಲೆಮೇಲೆ ಒರೆಸಿ ಕಳಿಸಿದೆವು.

ಫೈನಲ್‌ಗೆ ಎರಡು ದಿನ ಇದೆ ಎನ್ನುವಾಗ ಸಂಸ್ಥೆಯ ಕಾರ್ಯದರ್ಶಿ ವಿಡಿಯೊ ಕಾಲ್ ಮಾಡಿದರು. ಟ್ರೋಫಿಯಲ್ಲಿ ಕೆತ್ತಿದ ಅಕ್ಷರಗಳೊಳಗೆಲ್ಲ ಕೆಂಪು. ಫೈನಲ್ ಆಡುವ ಕ್ಲಬ್‌ಗಳಲ್ಲಿ ಒಂದರ ಜೆರ್ಸಿಯೂ ಕೆಂಪಂತೆ. ಗೆಲ್ಲುವವರನ್ನು ಸಂಸ್ಥೆ ಮೊದಲೇ ಗೊತ್ತುಮಾಡಿದೆ ಎಂದು ಇನ್ನೊಂದು ಕ್ಲಬ್ಬು ಮೈದಾನಕ್ಕೇ ಇಳಿಯುವುದಿಲ್ಲ ಎನ್ನುತ್ತಿತ್ತು. ಬಣ್ಣ ಹೋಗದಿದ್ದರೆ ಅಂದು ಸಂಜೆಯೇ ಸಮಿತಿ ಟ್ರೋಫಿಯನ್ನು ತಿರಸ್ಕರಿಸಲಿದೆ ಎಂದು ಅವರು ಬಹಳ ಮರ್ಯಾದೆಯಿಂದ ತಿಳಿಸಿದರು.

"ಅಕ್ಕಾ, ಕುಂಕುಮ ಹೋಗ್ತಿಲ್ವಂತೆ," ಅಂದೆ.

"ಹೋಗ್ಲಿ ಅಂತ ಹಚ್ಚಿದ್ವೇನ್ರೀ ಸಾರ್?"

"ಅಲ್ಲಿ ಜಗಳ ಹತ್ಕೊಂಡಿದೆ ಕಣಕ್ಕ."

"ಚಂಡಾಡೂ ಕಡೆ ಜಗಳ ಇಲ್ದ ಇರ್ತೈತೇನು? ಹುಣಸಿಹಣ್ಣು, ಉಪ್ಪು ಹಚ್ಚಿ ಹಳೇ ಬ್ರಷ್‌ಲೆ ತಿಕ್ಕಂತ ಹೇಳ್ರಿ."

ಹೇಳಿದೆ. ಹುಣಸೆಮರ ಅವರ ಮೈದಾನದ ಬೇಲಿಯ ಪಕ್ಕದಲ್ಲೇ ಇದೆಯಂತೆ.

ಜಾಲಹಳ್ಳಿಯ ಮನೆ ಸೇರುವಷ್ಟರಲ್ಲಿ ಹೊಸ ಚಿಂತೆ. ಹುಳಿ ಜಾಸ್ತಿಯಾಗಿ ಅಕ್ಷರಗಳು ಕಪ್ಪುಗಟ್ಟಿದರೆ? ಇನ್ನೊಂದು ಕ್ಲಬ್ಬಿನ ಜೆರ್ಸಿ ಕಪ್ಪಾಗಿದ್ದರೆ? ಅದನ್ನು ಕೇಳಿಯೇ ಇರಲಿಲ್ಲ. ತಟ್ಟೆಯ ಮುಂದೆ ಕೂತು ಮೂರು ಸಲ ಮೊಬೈಲ್ ತೆಗೆದೆ.

"ನಿಮ್ಮನ್ನೇ ಒಂದ್ಸಲ ಹುಣಸೆಹಣ್ಣು ಹಾಕಿ ತಿಕ್ಬೇಕು. ಊಟ ಮಾಡ್ರೀ," ಅಂದಳು ಹೆಂಡತಿ.

ಬೆಳಿಗ್ಗೆ ಫೋಟೊ ಬಂದಿತ್ತು. ಸಮಿತಿಯ ಮೇಜಿನ ಮೇಲೆ ಟ್ರೋಫಿ, ಅಕ್ಷರಗಳೆಲ್ಲ ಬರೀ ಹಿತ್ತಾಳೆ. ಒಪ್ಪಿಗೆಯಾಗಿದೆ, ಎರಡೂ ತಂಡ ಆಡುತ್ತವೆ ಎಂದು ಕೆಳಗೆ ಬರೆದಿತ್ತು.

ಅಕ್ಕನಿಗೆ ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿ, "ಇನ್ ಯಾರರ ಗೆಲ್ಲಲಿ ಬಿಡ್ರಿ, ನಮ್ಮ ಮ್ಯಾಲೆ ಬರಂಗಿಲ್ಲ," ಅಂದರು.

ಸಮಾಧಾನದ ಮಾತೇ. ಆದರೂ ಮತ್ತೆಲ್ಲಿ ಕಾಲ್ ಬಂದೀತೋ ಎಂದು ಆ ಆಟ ಮುಗಿಯುವವರೆಗೆ ನಾನು ಮೊಬೈಲನ್ನು ಚಾರ್ಜರ್‌ನಿಂದ ತೆಗೆಯಲಿಲ್ಲ.