ಕಾಕಾ ಔಟಾಗದ ಶುಕ್ರವಾರ

ಮನೆ ಬದಲಿಸಿದಾಗ ಬಿಚ್ಚದೆ ಉಳಿದಿದ್ದ ರಟ್ಟಿನ ಪೆಟ್ಟಿಗೆಯೊಂದನ್ನು ಹೋದ ತಿಂಗಳು ತೆರೆದೆ. ಚರ್ಮ ಮತ್ತು ತೆಂಗಿನೆಣ್ಣೆ ಕಲೆತ ವಾಸನೆ ಗಪ್ಪನೆ ಮುಖಕ್ಕೆ ಬಡಿಯಿತು. ಒಳಗೆ ಒಂದು ಹಳೆಯ ಬೇಸ್‌ಬಾಲ್ ಗ್ಲೌಸು. ಗ್ಲೌಸಿಗೆ ಊರಿನ ತೆಂಗಿನೆಣ್ಣೆ ತಿಕ್ಕುತ್ತಿದ್ದವರು ಇಡೀ ಕತಾರಿನಲ್ಲಿ ಒಬ್ಬರೇ ಇದ್ದಿರಬೇಕು...

ನಾನಾಗ ಕತಾರಿನ ತೈಲಬಾವಿಗಳ ಊರಾದ ದುಖಾನ್‌ನಲ್ಲಿದ್ದೆ, ಬಾಗಲಕೋಟೆ ಕಡೆಯಿಂದ ಬಂದ ಹೊಸ ಆಪರೇಟರ್. ಆ ಗ್ಲೌಸಿನವರು ನಮ್ಮ ಸ್ಟೋರ್‌ಕೀಪರ್. ಉಳ್ಳಾಲದ ಹತ್ತಿರದವರು, ಕೊಲ್ಲಿಯಲ್ಲೇ ತಲೆ ನರೆತವರು. ನಾನು ಕಾಕಾ ಎನ್ನುತ್ತಿದ್ದೆ. ಜೊತೆಯಲ್ಲಿ ಕೆಲಸ ಮಾಡುವ ಫಿಲಿಪಿನೋಗಳು ಶುಕ್ರವಾರ ಬೆಳಿಗ್ಗೆ ಬೇಸ್‌ಬಾಲ್ ಆಡುತ್ತಿದ್ದರು. ಜನ ಸಾಲದಾದಾಗ ಕ್ರಿಕೆಟ್ ಬಲ್ಲ ನಮ್ಮಿಬ್ಬರನ್ನೂ ಎಳೆದುಕೊಂಡರು.

ಕಾಕಾ ಅಲ್ಲಿಯೂ ಕ್ರಿಕೆಟ್ಟನ್ನೇ ಆಡಿದರು. ಚೆಂಡನ್ನು ಮೆತ್ತಗೆ ತಡೆದು ಕಾಲ ಬುಡದಲ್ಲೇ ಬೀಳಿಸುವುದು, ಆಮೇಲೆ ಮಂಡಿನೋವಿನ ಕಾಲಲ್ಲಿ ಓಡುವುದು. ಅವರು ಅರ್ಧ ದಾರಿ ಮುಟ್ಟುವಷ್ಟರಲ್ಲಿ ಚೆಂಡು, ಅವರು ಓಡಿ ಮುಟ್ಟಬೇಕಾದ ಮೊದಲನೇ ಬೇಸ್ ಸೇರಿರುತ್ತಿತ್ತು. ಔಟ್. ಎರಡು ಚಳಿಗಾಲ ಆಡಿದರೂ ಅವರು ಒಮ್ಮೆಯೂ ಆ ಬೇಸ್ ಮುಟ್ಟಿರಲಿಲ್ಲ. ಕೆಲಸ ಮುಗಿಸಿ ಊರಿಗೆ ಹೋಗುವುದು ಗೊತ್ತಾದ ಮೇಲೆ ಕ್ಯಾಂಟೀನಿನಲ್ಲಿ ನನ್ನೆದುರು ಕೂತು, "ಒಮ್ಮೆ ಅದರ ಮೇಲೆ ಕಾಲಿಟ್ಟು ಹೋಗ್ಬೇಕು ಮಾರಾಯ" ಎಂದರು. ನಗುತ್ತಲೇ ಹೇಳಿದರು, ಆದರೆ ಅದು ತಮಾಷೆಯಾಗಿರಲಿಲ್ಲ.

ಅವರ ಕೊನೆಯ ಶುಕ್ರವಾರ. ಜುಮ್ಮಾ ನಮಾಜಿಗೆ ಹೋಗುವವರ ಬಸ್ಸು ಹತ್ತಕ್ಕೆ ಹೊರಡುತ್ತಿತ್ತು, ಬಸ್ಸು ಬಂತೆಂದರೆ ಆಟ ಖಲಾಸ್. ಬ್ಯಾಟಿಂಗಿಗೆ ಕಾಕಾ ಇದ್ದರು, ಅವರ ನಂತರ ನಾನು. ಆ ಚಳಿಗಾಲ ನಾನು ಚೆನ್ನಾಗಿ ಹೊಡೆಯುತ್ತಿದ್ದೆ. ನಿಜ ಹೇಳಬೇಕೆಂದರೆ ತಲೆ ತುಸು ತಿರುಗಿತ್ತು.

ಆ ದಿನ ಕಾಕಾ ಚೆಂಡನ್ನು ಮುಂದಕ್ಕೆ ತಡೆಯುವುದು ಬಿಟ್ಟು, ಬ್ಯಾಟಿನ ಅಂಚಿಗೆ ಸವರಿಸಿ ಹಿಂದಕ್ಕೆ ಕಳಿಸತೊಡಗಿದರು. ಕ್ರಿಕೆಟ್ಟಿನಲ್ಲಿ ಅದಕ್ಕೆ ರನ್ನು ಉಂಟು. ಬೇಸ್‌ಬಾಲಿನಲ್ಲಿ ಅದು ಫೌಲ್. ಮೊದಲಿನ ಎರಡು ಫೌಲು ತಪ್ಪಿನ ಲೆಕ್ಕಕ್ಕೆ ಸೇರುತ್ತವೆ, ಆಮೇಲೆ ಎಷ್ಟು ಹಾಗೆ ಹೋದರೂ ಆಟಗಾರ ಔಟಲ್ಲ. ಹತ್ತು ಫೌಲಾಯಿತು, ಹನ್ನೆರಡಾಯಿತು... ಎಸೆಯುವವನು ಭುಜ ತಿಕ್ಕಿಕೊಂಡ, ಕಾಕಾ ಬೆವರು ಒರೆಸಿಕೊಂಡರು, ಮತ್ತೆ ನಿಂತರು. ದೂರದ ತಿರುವಿನಲ್ಲಿ ಬಸ್ಸು ಕಾಣಿಸಿತು. ನನ್ನ ತಾಳ್ಮೆ ಕೆಟ್ಟಿತು.

"ಏ ಕಾಕಾ, ಲಗೂನ ಔಟ್ ಆಗ್ರಿ! ನಾನೂ ಆಡಬೇಕು!" ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದೆ.

ಅವರು ತಿರುಗಿ ನನ್ನನ್ನು ನೋಡಿದರು. ನಂತರದ ಎಸೆತ ದೂರ ಹೋಯಿತು, ಕಾಕಾ ಅದನ್ನು ಮುಟ್ಟದೆ ಬಿಟ್ಟರು. ಹಾಗೆ ದೂರ ಹೋದ ನಾಲ್ಕನೆಯ ಚೆಂಡು ಅದು. ನಾಲ್ಕಾದರೆ ಮೊದಲನೇ ಬೇಸಿಗೆ ಆರಾಮಾಗಿ ನಡೆದು ಹೋಗಬಹುದು. ಎಲ್ಲರೂ "ಯಲ್ಲಾ, ಯಲ್ಲಾ" ಎಂದು, ನಡೀರಿ ನಡೀರಿ ಎಂಬಂತೆ ಕೂಗಿದರು. ಕಾಕಾ ಮಾತ್ರ ಬ್ಯಾಟು ಹಿಡಿದು ಇನ್ನೊಂದು ಚೆಂಡಿಗೆ ಕಾಯುತ್ತ ನಿಂತೇ ಇದ್ದರು. ವೈಡ್ ಬಿದ್ದರೆ ಬ್ಯಾಟ್ಸ್‌ಮನ್ ಜಾಗ ಬಿಟ್ಟು ಹೋಗುವುದುಂಟೇ?

ವಿಷಯ ತಿಳಿಸಿ ಹೇಳಿದರೆ, "ಹೊಡೆಯದೆ ಹೋಗುದಾ? ಮುಫತ್ತಿನದ್ದು ನನಗೆ ಬೇಡ" ಎಂದುಬಿಟ್ಟರು.

ಕೊನೆಗೆ ಚೆಂಡು ಎಸೆಯುತ್ತಿದ್ದ ಫಿಲಿಪಿನೋ ತಾನೇ ಅವರ ಬಳಿಗೆ ಬಂದ. ಇದು ಪುಕ್ಕಟೆಯಲ್ಲ, ಇಷ್ಟು ಹೊತ್ತು ಔಟಾಗದೆ ನಿಂತು ಸಂಪಾದಿಸಿದ್ದು ಎಂದು ಹರಕು ಹಿಂದಿಯಲ್ಲಿ ಹೇಳಿ, ಕೈಹಿಡಿದು ಕರೆದುಕೊಂಡು ಹೋದ. ಕಾಕಾ ಬೇಸಿನ ಮೇಲೆ ಮೊದಲು ಒಂದು ಕಾಲಿಟ್ಟರು, ಆಮೇಲೆ ಇನ್ನೊಂದು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಅಷ್ಟರಲ್ಲಿ ಬಸ್ಸು ಹಾರ್ನ್ ಹೊಡೆಯಿತು.

ಮುಂದಿನ ವಾರ ನಾನು ಶಿಫ್ಟಿನಲ್ಲಿದ್ದಾಗ ಕಾಕಾ ಊರಿಗೆ ಹೊರಟುಹೋದರು. ಗ್ಲೌಸನ್ನು ನನ್ನ ಮಂಚದ ಮೇಲೆ ಇಟ್ಟು ಹೋಗಿದ್ದರು. ಫೋನ್ ಮಾಡಿ ತಪ್ಪಾಯಿತು ಎನ್ನಬೇಕೆಂದುಕೊಂಡೆ. ಇವತ್ತು, ನಾಳೆ ಎನ್ನುತ್ತ ವರ್ಷಗಳೇ ಕಳೆದವು...

ಪೆಟ್ಟಿಗೆ ತೆರೆದ ದಿನ ಕಡೆಗೂ ಅವರ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಮಗ. ಕಾಕಾ ತೀರಿಕೊಂಡು ಆರು ತಿಂಗಳಾಗಿತ್ತು. ನಾನು ಯಾರೆಂದು ಹೇಗೋ ಹೇಳಿದೆ.

"ಓ, ಬಾಗಲಕೋಟೆಯವರು! ಅಪ್ಪ ಬಂದವರಿಗೆಲ್ಲ ಹೇಳ್ತಾ ಇದ್ರು. ಅವರಿಗೆ ಒಮ್ಮೆ ಆ ಬೇಸ್ ಸಿಗ್ಲಿ ಅಂತ ನಿಮ್ಮ ಬ್ಯಾಟಿಂಗನ್ನೇ ಬಿಟ್ಟುಕೊಟ್ರಂತಲ್ಲ?"

ಕಾಕಾ ನನ್ನ ಕೂಗನ್ನು ಕೇಳಿಸಿಕೊಂಡಿದ್ದರು. ತಿರುಗಿ ನೋಡಿದ್ದರು. ಆದರೂ ಊರಿನವರಿಗೆಲ್ಲ ನನ್ನನ್ನು ಹೀಗೆ ಪರಿಚಯಿಸಿದ್ದರು. ಅವರ ಮಾತನ್ನು ಸುಳ್ಳು ಮಾಡಲು ಮನಸ್ಸಾಗದೆ "ಹೌದು" ಎಂದೆ.

ನಾನು ಈಗಲೂ ದೋಹಾದಲ್ಲಿ ಶುಕ್ರವಾರದ ಆಟಕ್ಕೆ ಹೋಗುತ್ತೇನೆ. ಮೊನ್ನೆ ನನಗಿಂತ ಮೊದಲು ಬ್ಯಾಟಿಂಗಿಗೆ ಇಳಿದ ಗುಲ್ಬರ್ಗದ ಹೊಸ ಎಂಜಿನಿಯರ್ ಚೆಂಡಿನ ಮೇಲೆ ಚೆಂಡು ಹಿಂದಕ್ಕೆ ಕಳಿಸುತ್ತ, ನನ್ನ ಕಡೆ ಅಳುಕಿನಿಂದ ನೋಡಿದ. ಹೊತ್ತು ಮೀರುತ್ತಿತ್ತು. ನಾನು ಬ್ಯಾಟನ್ನು ಕೆಳಗಿಟ್ಟು ಬೆಂಚಿನ ಮೇಲೆ ಕುಳಿತೆ.

"ಗಡಿಬಿಡಿ ಬ್ಯಾಡೋ ತಮ್ಮಾ, ನಿಂತು ಆಡು" ಎಂದೆ.